ಚೀನಾದ ಹುಡುಗಿ ಅಥವಾ ಹುಡುಗನನ್ನು ಮದುವೆಯಾಗುವವರಿಗೆ: ಅವಿವಾಹಿತ ಪತ್ರದಿಂದ ಬಾಣಂತನದವರೆಗೆ

“ಇನಿಷಿಯಲ್ ಏನು ಸಾರ್?”

ಬೆಂಗಳೂರಿನ ಒಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರು ಕೇಳಿದ ಮೊದಲ ಪ್ರಶ್ನೆ ಇದು. ಅವರ ಕೈಯಲ್ಲಿದ್ದದ್ದು ನಾನು ಮದುವೆಯಾಗಬೇಕಿದ್ದ ಹುಡುಗಿಯ ಪಾಸ್‌ಪೋರ್ಟ್. ಊರು ಚೆಂಗ್ಡು. ಚೀನಾದಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ, ಇನಿಷಿಯಲ್ ಅನ್ನೋದೇ ಇರೋದಿಲ್ಲ ಅಂತ ವಿವರಿಸಿದೆ. “ಹಂಗಾದ್ರೆ ತಂದೆ ಹೆಸರು ಹಾಕ್ಲಾ?” ಅಂದರು. ಬೇಡ ಅನ್ನುವಷ್ಟರಲ್ಲಿ, ಎರಡು ಅಕ್ಷರ ಕೂಡಿಸಿ ಒಂದೇ ಪದವಾಗಿ ಬರೆಯುವ ಅವಳ ಹೆಸರನ್ನು ನಡುವೆ ಜಾಗ ಬಿಟ್ಟು ಎರಡು ತುಂಡು ಮಾಡಿ ಟೈಪ್ ಮಾಡಿಯಾಗಿತ್ತು. ಆ ಖಾಲಿ ಜಾಗ ಸರಿಪಡಿಸಿಕೊಂಡು ಬರುವ ಹೊತ್ತಿಗೆ ಅವಳ ವೀಸಾದ ದಿನಗಳೇ ಮುಗಿದವು. ಕೊನೆಗೆ 2017ರಲ್ಲಿ ಮದುವೆ ಆದದ್ದು ಅವಳ ಊರಲ್ಲಿ.

ನೆಂಟರು ನನ್ನನ್ನು ಕೇಳುವುದು ಊಟದ ಬಗ್ಗೆ, ಭಾಷೆಯ ಬಗ್ಗೆ. ಅವೆರಡೂ ದಿನ ಕಳೆದ ಹಾಗೆ ಸರಿಹೋಗುತ್ತವೆ. ಸರಿಹೋಗದೆ ಕಾಡುವುದು ಕಾಗದ ಸಾಗುವ ದಾರಿ: ಯಾವ ಪತ್ರ ಯಾವ ದೇಶದಲ್ಲಿ ಹುಟ್ಟಬೇಕು, ಯಾರ ಮುದ್ರೆ ಮೊದಲು, ಯಾರದ್ದು ಕೊನೆಗೆ. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ.

ಹಂತ 1: ಯಾವ ದೇಶದಲ್ಲಿ ನೋಂದಣಿ ಎಂದು ಮೊದಲು ತೀರ್ಮಾನಿಸಿ

ಭಾರತದಲ್ಲಾದರೆ ನಿಮಗಿರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಅದು ಎಲ್ಲರಿಗೂ ಕಾಣುವಂತೆ ಕಚೇರಿಯ ಗೋಡೆ ಮೇಲೆ ಇರುತ್ತದೆ, ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಆಮೇಲೆ 3 ಸಾಕ್ಷಿಗಳ ಮುಂದೆ ಸಹಿ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಒಂದು ತಿಂಗಳ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಈ ಲೆಕ್ಕ ಕೂಡಿಬರುವುದು ಕಷ್ಟ.

ಚೀನಾದಲ್ಲಾದರೆ ನಾಗರಿಕ ವ್ಯವಹಾರ ಕಚೇರಿ, ಅವರ ಬಾಯಲ್ಲಿ ‘ಮಿನ್‌ಜಂಗ್‌ಜ್ಯು’. ವಿದೇಶಿಯರ ಮದುವೆಯನ್ನು ಎಲ್ಲ ಕಚೇರಿಗಳೂ ಮಾಡುವುದಿಲ್ಲ; ಪ್ರತಿ ಪ್ರಾಂತ್ಯ ಇದಕ್ಕೆಂದೇ ಗೊತ್ತುಮಾಡಿದ ಕಚೇರಿಗಳಿವೆ. ಗಂಡಿಗೆ 22, ಹೆಣ್ಣಿಗೆ 20 ತುಂಬಿರಬೇಕು. ಕಾಗದ ಸರಿಯಿದ್ದರೆ ನೋಟಿಸ್ ಇಲ್ಲ, ಕಾಯುವುದಿಲ್ಲ. ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಇಬ್ಬರ ಕೈಗೂ ಒಂದೊಂದು ಕೆಂಪು ಪುಸ್ತಕ, ಅಂದರೆ ಮದುವೆ ಪ್ರಮಾಣಪತ್ರ, ಬರುತ್ತದೆ. 2025ರ ಮೇ 10ರಿಂದ ಜಾರಿಗೆ ಬಂದ ಹೊಸ ನಿಯಮದ ಪ್ರಕಾರ ಚೀನೀ ಪ್ರಜೆ ತನ್ನ ಮನೆಯ ‘ಹುಕೌ’ ಪುಸ್ತಕವನ್ನೂ, ಅಂದರೆ ಕುಟುಂಬ ನೋಂದಣಿಯ ಪುಸ್ತಕವನ್ನೂ, ತರಬೇಕಿಲ್ಲ. ಹಿಂದೆ ಮದುವೆಗೆ ಒಪ್ಪದ ಅಪ್ಪಅಮ್ಮ ಮಾಡುತ್ತಿದ್ದ ಮೊದಲ ಕೆಲಸವೇ ಆ ಪುಸ್ತಕ ಬಚ್ಚಿಡುವುದು.

ನನ್ನ ಅಭಿಪ್ರಾಯ ಕೇಳಿದರೆ, ನೋಂದಣಿ ಚೀನಾದಲ್ಲಿ ಮಾಡಿಸಿ, ಮಂಟಪ ಊರಲ್ಲಿ ಕಟ್ಟಿಸಿ. ಇದಕ್ಕೆ ಒಂದೇ ಅಪವಾದ: ನಿಮ್ಮ ಸಂಗಾತಿ ಬೇರೆ ಕಾರಣಕ್ಕೆ ಈಗಾಗಲೇ ಉದ್ದದ ವೀಸಾದಲ್ಲಿ ಭಾರತದಲ್ಲೇ ಇದ್ದರೆ ಇಲ್ಲೇ ಮಾಡಿಕೊಳ್ಳಿ.

ಹಂತ 2: ‘ನನಗೆ ಮದುವೆಯಾಗಿಲ್ಲ’ ಎಂದು ಸಾಬೀತು ಮಾಡುವುದು

ಇಡೀ ಪ್ರಯಾಣದಲ್ಲಿ ಹೆಚ್ಚು ಜನ ಜಾರಿಬೀಳುವ ಮೆಟ್ಟಿಲು ಇದು. ಎರಡೂ ದೇಶಕ್ಕೆ ಬೇಕಾದ ಮುಖ್ಯ ಪತ್ರ ಒಂದೇ, ಅವಿವಾಹಿತ ಪ್ರಮಾಣಪತ್ರ. ಆದರೆ ಅದರ ಹಾದಿ ಉದ್ದ.

ಅಂತರ್ಜಾಲದಲ್ಲಿ ಹುಡುಕಿದರೆ ‘ಅಪೋಸ್ಟೀಲ್ ಸಾಕು’ ಎಂಬ ಸಲಹೆ ಸಿಗುತ್ತದೆ. ಅಪೋಸ್ಟೀಲ್ ಅಂದರೆ ಒಪ್ಪಂದದ ದೇಶಗಳು ಒಪ್ಪುವ ಒಂದೇ ಮುದ್ರೆ. ನಂಬಬೇಡಿ. ಅಪೋಸ್ಟೀಲ್ ಒಪ್ಪಂದ 2023ರ ನವೆಂಬರ್ 7ರಿಂದ ಚೀನಾದಲ್ಲಿ ಜಾರಿಯಲ್ಲಿದೆ, ಭಾರತವೂ ಅದರ ಸದಸ್ಯ ದೇಶ. ಆದರೆ ಚೀನಾ ಸೇರ್ಪಡೆಗೆ ಭಾರತ ಆಕ್ಷೇಪ ಎತ್ತಿದ್ದರಿಂದ ಈ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ನಮಗಿರುವುದು ಹಳೆಯ ಕಾಲದ ಮುದ್ರೆಗಳ ಸರಪಳಿಯೇ.

ಭಾರತದಿಂದ ಹೊರಡುವ ಪತ್ರದ ದಾರಿ ಹೀಗೆ: ಛಾಪಾ ಕಾಗದದ ಮೇಲೆ ಅಫಿಡವಿಟ್, ನೋಟರಿ, ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ದೃಢೀಕರಣ, ಕೊನೆಗೆ ಚೀನಾ ದೂತಾವಾಸದ ಮುದ್ರೆ. ಕರ್ನಾಟಕದವರು ಮುಂಬೈನ ಚೀನಾ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ, ದೆಹಲಿಗಲ್ಲ. ಒಂದು ಮೆಟ್ಟಿಲು ತಪ್ಪಿಸಿ ಮುಂದಿನದಕ್ಕೆ ಹೋದರೆ ಕಿಟಕಿಯಿಂದಲೇ ವಾಪಸ್.

ನೀವು ಈಗಾಗಲೇ ಚೀನಾದಲ್ಲಿ ಕೆಲಸಕ್ಕೋ ಓದಿಗೋ ಇದ್ದರೆ ಇಷ್ಟು ಸುತ್ತಬೇಕಿಲ್ಲ. ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಕೊಡುವ ಅವಿವಾಹಿತ ಪತ್ರವನ್ನೂ ಚೀನಾದ ನಿಯಮ ಒಪ್ಪುತ್ತದೆ. ಬೀಜಿಂಗ್, ಶಾಂಘೈ, ಗುವಾಂಗ್‌ಝೌ ಮೂರರಲ್ಲಿ ನಿಮ್ಮ ಪ್ರಾಂತ್ಯ ಯಾರ ವ್ಯಾಪ್ತಿಗೆ ಬರುತ್ತದೆಂದು ನೋಡಿ, ಏನೇನು ದಾಖಲೆ ಬೇಕೆಂದು ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ.

ಚೀನೀ ಸಂಗಾತಿ ಭಾರತಕ್ಕೆ ಪತ್ರ ತರಬೇಕಾದರೆ: 2015ರಿಂದ ಅಲ್ಲಿನ ನಾಗರಿಕ ವ್ಯವಹಾರ ಕಚೇರಿಗಳು ಅವಿವಾಹಿತ ಪ್ರಮಾಣಪತ್ರ ಕೊಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿವೆ. ಬದಲಿಗೆ ‘ಗೊಂಗ್‌ಜಂಗ್ ಚು’ ಎಂಬ ನೋಟರಿ ಕಚೇರಿಯಲ್ಲಿ ಸ್ವಂತ ಘೋಷಣೆ ಮಾಡಿ ಅದಕ್ಕೆ ಇಂಗ್ಲಿಷ್ ಅನುವಾದ ಸೇರಿಸಬೇಕು. ಅದರ ಮೇಲೆ ಅಲ್ಲಿನ ವಿದೇಶಾಂಗ ಕಚೇರಿಯ ಮುದ್ರೆ, ನಂತರ ಭಾರತೀಯ ದೂತಾವಾಸದ್ದು. ಅಲ್ಲಿನ ನೋಟರಿ ನಮ್ಮ ಕೋರ್ಟ್ ಗೇಟಿನ ಮುಂದೆ ಕೊಡೆ ಕೆಳಗೆ ಕೂತವರ ಹಾಗಲ್ಲ. ಮೂಲ ದಾಖಲೆ ತರಿಸಿ, ಪ್ರಶ್ನೆ ಕೇಳಿ, ತಾವೇ ಪರಿಶೀಲಿಸಿ ಪುಸ್ತಕದಂತೆ ಹೊಲಿದು ಕೊಡುತ್ತಾರೆ. ಆ ಹೊಲಿಗೆಯನ್ನು ಜೆರಾಕ್ಸ್ ಮಾಡಿಸಲೆಂದು ಬಿಚ್ಚಿದರೆ ಪತ್ರ ಸತ್ತಂತೆ.

ಇನ್ನೊಂದು. ಚೀನಾದಲ್ಲಿ ಈ ಅವಿವಾಹಿತ ಪತ್ರಕ್ಕೆ 6 ತಿಂಗಳ ಆಯಸ್ಸು. ಅಕ್ಟೋಬರ್ ಮೊದಲ ವಾರ ಅಲ್ಲಿ ರಾಷ್ಟ್ರೀಯ ರಜೆ, ಆಸುಪಾಸಿನಲ್ಲೇ ನಮ್ಮ ದಸರಾ. ಜನವರಿ–ಫೆಬ್ರವರಿಯಲ್ಲಿ ಅವರ ಹೊಸವರ್ಷ. ದೂತಾವಾಸಗಳು ಎರಡೂ ಕಡೆಯ ರಜೆ ನೋಡಿಕೊಂಡು ಬಾಗಿಲು ಹಾಕುತ್ತವೆ. ಮಾರ್ಚ್‌ನಿಂದ ಆಗಸ್ಟ್ ನಡುವೆ ಕೆಲಸ ಮುಗಿಸುವ ಹಾಗೆ ಶುರು ಮಾಡಿ.

ಹಂತ 3: ಹೆಸರನ್ನು ಒಂದೇ ರೂಪಕ್ಕೆ ತನ್ನಿ

ನಮ್ಮ ಹೆಸರೇ ಮೊದಲ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಕೆ.’, ಆಧಾರ್‌ನಲ್ಲಿ ‘ಮಂಜುನಾಥ’, ಪಾಸ್‌ಪೋರ್ಟ್‌ನಲ್ಲಿ ‘ಮಂಜುನಾಥ ಹಾಸನ ಕೃಷ್ಣಪ್ಪ’ ಎಂದಿದ್ದರೆ ಚೀನಾದ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ಜನ. ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟ್ ಇನ್ನೂ ಗೋಳು. ಮದುವೆಯ ಮಾತು ಗಟ್ಟಿಯಾದ ದಿನವೇ ಪಾಸ್‌ಪೋರ್ಟ್ ತಿದ್ದಿಸಿ. ಉಳಿದೆಲ್ಲ ಕಾಗದವೂ ಪಾಸ್‌ಪೋರ್ಟನ್ನೇ ಹಿಂಬಾಲಿಸಲಿ.

ಚೀನಾದ ಪತ್ರಗಳಲ್ಲಿ ನಿಮ್ಮ ಹೆಸರು ಚೀನೀ ಅಕ್ಷರಗಳಲ್ಲಿ ಬರುತ್ತದೆ. ಅನುವಾದಕ ತನಗೆ ಕೇಳಿಸಿದ ಹಾಗೆ ಬರೆಯುತ್ತಾನೆ, ಎರಡನೇ ಅನುವಾದಕ ಬೇರೆ ಅಕ್ಷರ ಹಾಕುತ್ತಾನೆ. ಮೊದಲ ಸಲ ಬಂದ ರೂಪವನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಂಡು, ಮುಂದಿನ ಎಲ್ಲ ಅನುವಾದಕರಿಗೂ ‘ಇದನ್ನೇ ಬರೆಯಿರಿ’ ಎಂದು ತೋರಿಸಿ.

ಚೀನಾದಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ. ‘ಗಂಡನ ಹೆಸರು ಸೇರಿಸಮ್ಮ’ ಎಂದು ನಮ್ಮ ಕಡೆ ಬ್ಯಾಂಕಿನವರೂ ನೆಂಟರೂ ಒತ್ತಾಯಿಸಿದರೆ ಸೇರಿಸಬೇಡಿ. ಪಾಸ್‌ಪೋರ್ಟಿಗೆ ಹೊಂದದ ಹೆಸರು ವೀಸಾ ವಿಸ್ತರಣೆಯ ದಿನ ಎದ್ದು ಕೂರುತ್ತದೆ.

ಜನನ ಪ್ರಮಾಣಪತ್ರದ ವಿಷಯದಲ್ಲಿ ಇಬ್ಬರದ್ದೂ ಒಂದೇ ಕಥೆ. ಇಡೀ ದೇಶಕ್ಕೆ ಒಂದೇ ಮಾದರಿಯ ಜನನ ಪತ್ರ ಚೀನಾದಲ್ಲಿ ಶುರುವಾದದ್ದು 1996ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರು ನೋಟರಿ ಕಚೇರಿಯಿಂದ ಜನನದ ದೃಢೀಕರಣ ಮಾಡಿಸಬೇಕು. ಅತ್ತೆಮಾವಂದಿರ ಹುಟ್ಟಿದ ದಿನ ಕೆಲವೊಮ್ಮೆ ಚಾಂದ್ರಮಾನದ್ದಾಗಿರುತ್ತದೆ, ಅರ್ಜಿ ತುಂಬುವಾಗ ಗುರುತಿನ ಚೀಟಿಯಲ್ಲಿರುವುದನ್ನೇ ಬರೆಯಿರಿ.

ಹಂತ 4: ಕೆಂಪು ಪುಸ್ತಕವನ್ನು ಭಾರತಕ್ಕೆ ತರುವುದು

ಚೀನಾದಲ್ಲಿ ಮದುವೆಯಾದರೆ ಅದೇ ವಾರ, ಊರು ಬಿಡುವ ಮೊದಲು, ನೋಟರಿ ಕಚೇರಿಯಲ್ಲಿ ಮದುವೆ ಪುಸ್ತಕದ ಇಂಗ್ಲಿಷ್ ದೃಢೀಕೃತ ಪ್ರತಿ ಮಾಡಿಸಿ. ಒಂದಲ್ಲ, 3 ಪ್ರತಿ. ಮೂರಕ್ಕೂ ಅಲ್ಲಿನ ವಿದೇಶಾಂಗ ಕಚೇರಿಯ ಮತ್ತು ಭಾರತೀಯ ದೂತಾವಾಸದ ಮುದ್ರೆ ಹಾಕಿಸಿ. ನಾವು ಒಂದೇ ಮಾಡಿಸಿ ಬಂದು, ಎರಡನೆಯದಕ್ಕೆ ಮಾವನವರನ್ನು ಮತ್ತೆ ಅಲೆದಾಡಿಸಿದೆವು. 1969ರ ವಿದೇಶಿ ವಿವಾಹ ಕಾಯ್ದೆಯಡಿ ದೂತಾವಾಸದಲ್ಲೇ ನೋಂದಾಯಿಸುವ ದಾರಿಯೂ ಇದೆ, ಭಾರತಕ್ಕೆ ಬಂದು ವಿಶೇಷ ವಿವಾಹ ಕಾಯ್ದೆಯಡಿ ಮರುನೋಂದಣಿ ಮಾಡಿಸುವುದೂ ಉಂಟು.

ಹಂತ 5: ವೀಸಾ, ಪೊಲೀಸ್, ಮನೆ ಮಾಲೀಕ

ಭಾರತೀಯರ ಗಂಡ ಅಥವಾ ಹೆಂಡತಿಗೆ ಸಿಗುವುದು ಎಕ್ಸ್ ವೀಸಾ, ಅಂದರೆ ಪ್ರವೇಶ ವೀಸಾ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ಅಂದರೆ ಎಫ್‌ಆರ್‌ಆರ್‌ಒದಲ್ಲಿ, ನೋಂದಾಯಿಸಬೇಕು. ಈಗ ಹೆಚ್ಚಿನ ಕೆಲಸ ಆನ್‌ಲೈನ್‌ನಲ್ಲೇ ಆಗುತ್ತದೆ. ಈ ವೀಸಾದಲ್ಲಿ ಸುಮ್ಮನೆ ಹೋಗಿ ಕೆಲಸಕ್ಕೆ ಸೇರುವಂತಿಲ್ಲ. ಮದುವೆ ನೋಂದಣಿಯಾಗಿ 2 ವರ್ಷ ಕಳೆದ ಮೇಲೆ ಸಾಗರೋತ್ತರ ಪ್ರಜೆ ಕಾರ್ಡಿಗೆ, ಅಂದರೆ ಒಸಿಐಗೆ, ಅರ್ಜಿ ಹಾಕಲು ಕಾನೂನು ಅವಕಾಶ ಕೊಟ್ಟಿದೆ, ಆದರೆ ಭದ್ರತಾ ಪರಿಶೀಲನೆ ಕಡ್ಡಾಯ. ಅದು ಬಂದೇಬರುತ್ತದೆ ಎಂಬ ಲೆಕ್ಕದಲ್ಲಿ ಸಾಲ ಮಾಡಿ ಮನೆ ಕಟ್ಟಬೇಡಿ.

ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಮಾಹಿತಿ ಸಲ್ಲಿಸಬೇಕು. ಜನ ಇದನ್ನು ‘ಫಾರ್ಮ್ ಸಿ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ನಾಲ್ಕು ಮನೆ ಮಾಲೀಕರು ಇದನ್ನು ಕೇಳಿದ ಕೂಡಲೇ ‘ಮನೆ ಬೇರೆಯವರಿಗೆ ಆಯ್ತು’ ಎಂದರು. ಐದನೆಯವರು ನಿವೃತ್ತ ಮೇಷ್ಟ್ರು, ಕನ್ನಡಕ ಏರಿಸಿಕೊಂಡು ತಾವೇ ಕಂಪ್ಯೂಟರ್ ಮುಂದೆ ಕೂತು ತುಂಬಿದರು. ಹಾಗಾಗಿ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಮುಂಗಡ ಕೊಟ್ಟ ಮೇಲೆ ಹೇಳಿದರೆ ಜಗಳ.

ನೀವು ಚೀನಾಕ್ಕೆ ಹೋಗುವುದಾದರೆ ಕುಟುಂಬದವರಿಗೆ ಕೊಡುವ ವೀಸಾಗಳಲ್ಲಿ ಕ್ಯೂ-2 ಕಡಿಮೆ ಅವಧಿಗೆ, ಕ್ಯೂ-1 ಉದ್ದದ ವಾಸಕ್ಕೆ. ಕ್ಯೂ-1ರಲ್ಲಿ ಹೋದವರು 30 ದಿನದೊಳಗೆ ವಾಸದ ಪರವಾನಗಿ ಮಾಡಿಸಬೇಕು. ಅತ್ತೆ ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ನೋಂದಣಿ, ಅಳಿಯನಾದರೂ ಬಿಡುವುದಿಲ್ಲ. ಕುಟುಂಬದ ಪರವಾನಗಿಯಲ್ಲಿ ದುಡಿಯುವಂತಿಲ್ಲ, ಅದಕ್ಕೆ ಕೆಲಸದ ಪರವಾನಗಿ ಬೇರೆಯೇ ಬೇಕು. ಕಾಯಂ ವಾಸಕ್ಕೆ ಮದುವೆಯಾಗಿ 5 ವರ್ಷ ಆಗಿರಬೇಕು, ಆ 5 ವರ್ಷವೂ ವರ್ಷಕ್ಕೆ 9 ತಿಂಗಳಿಗೆ ಕಡಿಮೆಯಿಲ್ಲದಂತೆ ಅಲ್ಲೇ ಇದ್ದಿರಬೇಕು, ಆದಾಯ ಮತ್ತು ಮನೆ ತೋರಿಸಬೇಕು.

ರಾಜಕೀಯದ ಗಾಳಿ ಬೀಸಿದಾಗ ಮೊದಲು ಮುಚ್ಚುವುದು ನಮ್ಮಂಥವರ ಬಾಗಿಲು. 2020ರಲ್ಲಿ ನೇರ ವಿಮಾನ ನಿಂತದ್ದು ಮತ್ತೆ ಶುರುವಾದದ್ದು 2025ರ ಅಕ್ಟೋಬರ್ ಕೊನೆಯಲ್ಲಿ, ಕೋಲ್ಕತ್ತಾ–ಗುವಾಂಗ್‌ಝೌ ದಾರಿಯಲ್ಲಿ. ಚೀನೀಯರಿಗೆ ಭಾರತದ ಪ್ರವಾಸಿ ವೀಸಾ 2025ರ ಜುಲೈನಲ್ಲಿ ಮತ್ತೆ ತೆರೆಯಿತು. ನಡುವಿನ ವರ್ಷಗಳಲ್ಲಿ ನನ್ನ ಅತ್ತೆ ಮೊಮ್ಮಗಳನ್ನು ಮುಟ್ಟಿ ನೋಡಲಿಲ್ಲ. ಪಾಸ್‌ಪೋರ್ಟ್, ವೀಸಾ ಎರಡನ್ನೂ ಅವಧಿ ಮುಗಿಯುವ ಅಂಚಿಗೆ ಬಿಡಬೇಡಿ.

ಹಂತ 6: ಅತ್ತೆಗೆ ಫೋನ್ ಮಾಡುವುದು ಹೇಗೆ

ಇದು ಚಿಕ್ಕ ವಿಷಯ ಅಂದುಕೊಂಡಿದ್ದೆ. ಚೀನಾದಲ್ಲಿ ವಾಟ್ಸ್ಆ್ಯಪ್ ನಡೆಯುವುದಿಲ್ಲ. ಭಾರತ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳಲ್ಲಿ, ಅಲ್ಲಿನವರು ವಾಟ್ಸ್ಆ್ಯಪ್ ಹಾಗೆ ಬಳಸುವ ವೀಚಾಟ್ ಕೂಡ ಇತ್ತು. ಒಂದು ಮನೆಯ ಎರಡು ಕಡೆ, ಎರಡಕ್ಕೂ ಸೇರುವ ಕಿಟಕಿ ಇಲ್ಲ. ಆ ರಾತ್ರಿ ನನ್ನ ಹೆಂಡತಿ ಅಮ್ಮನ ಹಳೆಯ ಧ್ವನಿ ಸಂದೇಶಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾ ಕೂತಿದ್ದಳು.

ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ಸುಲಭದ ದಾರಿ. ನಾವು ಮಾಡಿದ್ದು ಅದೇ: ಮಾವನಿಗೆ ಹಳೆಯ ಐಪ್ಯಾಡ್ ಒಂದನ್ನು ಕಳಿಸಿ, ಒಂದೇ ಗುಂಡಿ ಒತ್ತಲು ಕಲಿಸಿದೆವು. ಮೈಕ್ರೋಸಾಫ್ಟ್ ಟೀಮ್ಸ್ ಕೂಡ ನಡೆಯುತ್ತದೆ. ನೀವು ಚೀನಾಕ್ಕೆ ಹೋದಾಗ ಭಾರತದ ಸಿಮ್‌ನ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡು ಹೋದರೆ ವಾಟ್ಸ್ಆ್ಯಪ್ ತೆರೆಯುತ್ತದೆ, ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ. ಬ್ಯಾಂಕಿನ ಒಟಿಪಿಗೂ ಆ ಸಿಮ್ ಬೇಕೇಬೇಕು. ದುಡ್ಡು ಕೊಡಲು ಅಲ್ಲಿನ ಪಾವತಿ ಆ್ಯಪ್ ಅಲಿಪೇಗೆ ನಿಮ್ಮ ವೀಸಾ ಅಥವಾ ಮಾಸ್ಟರ್ ಕಾರ್ಡನ್ನು ಹೊರಡುವ ಮುಂಚೆಯೇ ಸೇರಿಸಿಟ್ಟುಕೊಳ್ಳಿ.

ಹಂತ 7: ಲಗ್ನ, ಉಡುಗೊರೆ ಮತ್ತು ಗೋಡೆ ಗಡಿಯಾರ

ಮುಹೂರ್ತದಿಂದ ಶುರು ಮಾಡೋಣ. ಆಷಾಢ ಕಳೆಯಲಿ, ಶ್ರಾವಣದಲ್ಲಿ ಇಟ್ಟುಕೊಳ್ಳೋಣ ಎನ್ನುವುದು ನಮ್ಮ ಅಭ್ಯಾಸ. ಚೀನೀ ಪಂಚಾಂಗವೂ ಚಾಂದ್ರಮಾನದ್ದೇ. ಅವರ ಏಳನೇ ತಿಂಗಳು ಸಾಮಾನ್ಯವಾಗಿ ನಮ್ಮ ಶ್ರಾವಣದ ಜೊತೆಗೇ ಬರುತ್ತದೆ, ಅಧಿಕಮಾಸದ ದೆಸೆಯಿಂದ ಕೆಲವು ವರ್ಷ ಭಾದ್ರಪದಕ್ಕೆ ಜಾರುತ್ತದೆ. ಅವರಿಗೆ ಅದು ಪ್ರೇತಗಳ ತಿಂಗಳು, ಮದುವೆ ನಿಷಿದ್ಧ. ನಮ್ಮ ಪುರೋಹಿತರು ಹುಡುಕಿಕೊಟ್ಟ ಮೂರು ದಿನಗಳೂ ಅದರೊಳಗೇ ಇದ್ದವು. ವೈಶಾಖಕ್ಕೆ ಹೋದೆವು.

ಮುಯ್ಯಿಗೆ ನಾವು 101, 501, 1001 ಕೊಡುತ್ತೇವೆ, ಒಂದು ರೂಪಾಯಿ ಸೇರದಿದ್ದರೆ ಮನಸ್ಸೊಪ್ಪದು. ಚೀನಾದಲ್ಲಿ ಶುಭಕ್ಕೆ ಸರಿಸಂಖ್ಯೆ, ಬೆಸ ಸಂಖ್ಯೆ ಸಾವಿನ ಮನೆಗೆ. 4 ಅಂತೂ ಬೇಡವೇ ಬೇಡ, ಅದರ ಉಚ್ಚಾರ ಸಾವಿನ ಪದಕ್ಕೆ ಹತ್ತಿರ. ನಮ್ಮ ಮದುವೆಗಳಲ್ಲಿ ರಾಶಿ ಬೀಳುವ ಗೋಡೆ ಗಡಿಯಾರ ಇನ್ನೂ ಅಪಾಯದ್ದು: ‘ಗಡಿಯಾರ ಕೊಡು’ ಎನ್ನುವುದು ಅವರ ಭಾಷೆಯಲ್ಲಿ ‘ಅಂತ್ಯಕಾಲಕ್ಕೆ ಬೀಳ್ಕೊಡು’ ಎಂಬಂತೆ ಕೇಳುತ್ತದೆ. ನನ್ನ ಚಿಕ್ಕಪ್ಪ ದೊಡ್ಡದೊಂದು ಗಡಿಯಾರವನ್ನು ಬೀಗಿತ್ತಿಯ ಕೈಗೇ ಕೊಟ್ಟರು. ಹೆಂಡತಿ ಥಟ್ಟನೆ ಚಿಕ್ಕಪ್ಪನ ಕೈಗೆ ಒಂದು ರೂಪಾಯಿ ತುರುಕಿದಳು. ಕೊಂಡ ವಸ್ತು ಆಯಿತು, ಉಡುಗೊರೆ ಅಲ್ಲ.

ಮಲ್ಲಿಗೆಯ ವಿಷಯ ಮೊದಲೇ ಹೇಳಿಡಿ. ತಲೆಗೆ ಬಿಳಿ ಹೂ ಅಲ್ಲಿ ಸೂತಕದ ಗುರುತು. ನಾವು ಮೊಗ್ಗಿನ ಜಡೆಯ ನಡುವೆ ಕನಕಾಂಬರ ಜಾಸ್ತಿ ಹಾಕಿಸಿದೆವು, ಎರಡೂ ಕಡೆಯವರ ಮುಖ ಅರಳಿತು.

ಹಣದ ದಿಕ್ಕೂ ಉಲ್ಟಾ. ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ‘ಚಾಯ್‌ಲಿ’ ಕೊಡುವ ಪದ್ಧತಿ. ಎಷ್ಟೆಂಬುದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ, ಮನೆಯಿಂದ ಮನೆಗೆ ಬೇರೆ. ಕೆಲವರು ಅದನ್ನು ಮಗಳ ಕೈಗೇ ವಾಪಸ್ ಕೊಡುತ್ತಾರೆ. ನಾಚಿಕೆ ಬಿಟ್ಟು ಸಂಗಾತಿಯ ಮೂಲಕ ಮೊದಲೇ ಕೇಳಿ. ಅಂದಹಾಗೆ ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಯಾವ ಕಡೆಯಿಂದ ಯಾವ ಕಡೆಗೆ ಕೊಟ್ಟರೂ ಹಿಡಿಯುತ್ತದೆ.

ಊಟದ ಬಗ್ಗೆ ಒಂದೇ ಮಾತು: ‘ಮಾಂಸ ಬೇಡ’ ಎಂದರೆ ಅಲ್ಲಿ ಮಾಂಸದ ತುಂಡು ಬರುವುದಿಲ್ಲ, ಹಂದಿ ಕೊಬ್ಬಿನಲ್ಲಿ ಹುರಿದ ಸೊಪ್ಪು ಬರುತ್ತದೆ. ಶುದ್ಧ ಸಸ್ಯಾಹಾರಿ ಬೀಗರಿದ್ದರೆ ಬೌದ್ಧ ದೇವಾಲಯಗಳ ಪಕ್ಕದ ಊಟದ ಮನೆ ಹುಡುಕಿ.

ಹಂತ 8: ಮಗು ಯಾವ ದೇಶದ್ದು?

ಎರಡೂ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ಆದರೆ ಎರಡು ಕಾನೂನೂ ಒಂದೇ ಮಗುವನ್ನು ‘ನಮ್ಮದು’ ಎನ್ನಬಲ್ಲವು.

ಚೀನಾದಲ್ಲಿ ಹುಟ್ಟಿದರೆ, ತಂದೆತಾಯಿಯಲ್ಲಿ ಒಬ್ಬರು ಚೀನೀ ಆಗಿದ್ದರೂ ಸಾಕು, ಮಗು ಅವರ ಲೆಕ್ಕದಲ್ಲಿ ಚೀನೀ. ಭಾರತೀಯ ಮಾಡಬೇಕೆಂದರೆ 1 ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಾಯಿಸಿ, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಘೋಷಿಸಬೇಕು. ಭಾರತದಲ್ಲಿ ಹುಟ್ಟಿದರೆ, ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿದ್ದರೆ ಮಗು ಭಾರತೀಯ. ಆದರೆ ಚೀನೀ ತಾಯಿ ಅಥವಾ ತಂದೆ ವಿದೇಶದಲ್ಲಿ ಕಾಯಂ ನೆಲೆಸಿದವರಲ್ಲದಿದ್ದರೆ, 1980ರ ಚೀನೀ ಪೌರತ್ವ ಕಾನೂನು ಆ ಮಗುವನ್ನೂ ಚೀನೀ ಎಂದೇ ನೋಡುತ್ತದೆ. ಅಜ್ಜಿ ಮನೆಗೆ ಹೊರಟು ವೀಸಾ ಕೇಳಿದಾಗ ‘ವೀಸಾ ಯಾಕೆ, ಚೀನೀ ಪ್ರವಾಸ ಪತ್ರ ಮಾಡಿಸಿ’ ಎನ್ನಬಹುದು. ಅದನ್ನು ಪಡೆದರೆ ಭಾರತದ ಪೌರತ್ವದ ಪ್ರಶ್ನೆ ಏಳುತ್ತದೆ. ಹೆರಿಗೆಗೆ ಆಸ್ಪತ್ರೆ ಹುಡುಕುವ ಮುಂಚೆ ಇದನ್ನು ತೀರ್ಮಾನಿಸಿ, ವಲಸೆ ಕಾನೂನು ತಿಳಿದ ವಕೀಲರ ಜೊತೆ ಒಂದು ಗಂಟೆ ಕೂತುಕೊಳ್ಳಿ. ಆ ಫೀಸು ದಂಡವಲ್ಲ.

ಇನ್ನು ಬಾಣಂತನ. ಚೀನೀಯರಿಗೂ ಇದೆ, ‘ಝುವೋ ಯುವೆಝಿ’, ಒಂದು ತಿಂಗಳು. ತಣ್ಣೀರು ಮುಟ್ಟಬಾರದು, ಗಾಳಿಗೆ ಕೂರಬಾರದು, ತಲೆಗೆ ಬಟ್ಟೆ. ಅಷ್ಟೂ ನಮ್ಮದೇ. 2019ರಲ್ಲಿ ಹಾಸನದ ನಮ್ಮ ಮನೆಗೆ ಬಂದ ಅತ್ತೆ, ನನ್ನಮ್ಮ ಕಿವಿಗೆ ಹತ್ತಿ ಇಡುವುದು ನೋಡಿ ತಲೆದೂಗಿದರು. ಮಾರನೇ ದಿನ ಬಚ್ಚಲ ಹಂಡೆಯಲ್ಲಿ ನೀರು ಕುದಿಯತೊಡಗಿತು, ಎಣ್ಣೆ ಬಟ್ಟಲು ಬಂತು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಅವರ ಸಂಪ್ರದಾಯದಲ್ಲಿ ಆ ತಿಂಗಳು ಸ್ನಾನವೇ ಇಲ್ಲ, ತಲೆಗಂತೂ ನೀರು ಸೋಕಬಾರದು. ನಮ್ಮಮ್ಮನಿಗೆ ಎರೆಯದ ಬಾಣಂತನ ಬಾಣಂತನವೇ ಅಲ್ಲ. ಇಬ್ಬರ ನಡುವೆ ಭಾಷೆ ಇಲ್ಲ, ಹಂಡೆಯ ಹಬೆ ಮಾತ್ರ. ಕೊನೆಗೆ ಹೆಂಡತಿಯೇ ಒಳಗಿಂದ ತೀರ್ಪು ಕೊಟ್ಟಳು: ಮೈಗೆ ಬಿಸಿನೀರು, ತಲೆಗೆ ಬೇಡ, ಮೆಣಸಿನ ಸಾರೂ ಇರಲಿ, ಕೋಳಿ ಸೂಪೂ ಇರಲಿ. ಹೆರಿಗೆಗೆ ಮುಂಚೆಯೇ ಈ ಪಟ್ಟಿಯನ್ನು ಎರಡು ಭಾಷೆಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ, ತೀರ್ಪು ಬಾಣಂತಿಯದ್ದೇ ಇರಲಿ.

ಹಂತ 9: ಆಸ್ತಿ, ಮತ್ತು ಮಾತನಾಡಲು ಇಷ್ಟವಿಲ್ಲದ ವಿಷಯ

ಚೀನೀ ಪ್ರಜೆ ಭಾರತದಲ್ಲಿ ಸ್ಥಿರಾಸ್ತಿ ಕೊಳ್ಳಲು ರಿಸರ್ವ್ ಬ್ಯಾಂಕಿನ ಮುಂಗಡ ಅನುಮತಿ ಬೇಕು, 5 ವರ್ಷ ಮೀರದ ಗುತ್ತಿಗೆ ಮಾತ್ರ ಇದಕ್ಕೆ ಹೊರತು. ಒಸಿಐ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ‘ಸೈಟು ಜಂಟಿ ಹೆಸರಲ್ಲಿ ಮಾಡಿಬಿಡೋಣ’ ಎಂದು ಉಪನೋಂದಣಿ ಕಚೇರಿಗೆ ಓಡಬೇಡಿ.

ಅವಿಭಕ್ತ ಕುಟುಂಬದವರು ಇನ್ನೊಂದನ್ನು ತಿಳಿದಿರಬೇಕು. ವಿಶೇಷ ವಿವಾಹ ಕಾಯ್ದೆಯ 19 ಮತ್ತು 21ಎ ಕಲಂಗಳ ಪ್ರಕಾರ ಹಿಂದೂ, ಬೌದ್ಧ, ಸಿಖ್ ಅಥವಾ ಜೈನನಲ್ಲದ ವ್ಯಕ್ತಿಯನ್ನು ಈ ಕಾಯ್ದೆಯಡಿ ಮದುವೆಯಾದ ಹಿಂದೂ, ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. ತೋಟ ಇನ್ನೂ ಪಾಲಾಗದ ಮನೆಯಾದರೆ ಅಣ್ಣತಮ್ಮಂದಿರ ಜೊತೆ ಮೊದಲೇ ಕೂತು ಮಾತಾಡಿ. ಚೀನಾದಲ್ಲಿ ಮದುವೆಯ ನಂತರ ದುಡಿದದ್ದು ಸಾಮಾನ್ಯವಾಗಿ ಇಬ್ಬರದ್ದೂ. ಭಾರತದಲ್ಲಿ ಯಾರ ಹೆಸರಲ್ಲಿದೆಯೋ ಅವರದ್ದು. ಎರಡೂ ದೇಶಕ್ಕೆ ಬೇರೆ ಬೇರೆ ಉಯಿಲು ಬರೆದಿಡಿ.

ಮದುವೆ ಮುರಿದರೆ? ಚೀನಾದ ನಾಗರಿಕ ವ್ಯವಹಾರ ಕಚೇರಿಯಲ್ಲಿ 30 ದಿನದ ಕಾಯುವಿಕೆಯ ನಂತರ ಒಪ್ಪಿಗೆಯ ವಿಚ್ಛೇದನ ಸಿಗುತ್ತದೆ. ಆದರೆ ಅದು ನ್ಯಾಯಾಲಯದ ತೀರ್ಪಲ್ಲ; ಅದನ್ನು ಹಿಡಿದುಕೊಂಡು ಭಾರತದಲ್ಲಿ ಎರಡನೇ ಮದುವೆಗೆ ಹೋದರೆ ತೊಂದರೆಗೆ ಸಿಕ್ಕಿಬೀಳುತ್ತೀರಿ. ಒಬ್ಬರು ಮಗುವನ್ನು ಕರೆದುಕೊಂಡು ಗಡಿ ದಾಟಿದರೆ ವಾಪಸ್ ಕೊಡಿಸುವ ಹೇಗ್ ಮಕ್ಕಳ ಅಪಹರಣ ಒಪ್ಪಂದ ಭಾರತಕ್ಕೂ ಇಲ್ಲ, ಚೀನಾದ ಮುಖ್ಯ ಭೂಭಾಗಕ್ಕೂ ಇಲ್ಲ. ನಾವಿಬ್ಬರೂ ಇದನ್ನು ಮಾತಾಡಿದ್ದು ಮಗಳು ಹುಟ್ಟಿದ ಮೂರನೇ ತಿಂಗಳಲ್ಲಿ, ಅವಳು ಮಲಗಿದ ಮೇಲೆ, ಒಂದು ಹಾಳೆಯಲ್ಲಿ ಬರೆದುಕೊಂಡು. ಆ ಹಾಳೆ ಕೆಂಪು ಪುಸ್ತಕದ ಒಳಗಿದೆ. ತೆಗೆದು ಓದುವ ಪ್ರಸಂಗ ಇನ್ನೂ ಬಂದಿಲ್ಲ.